ಹವಳಕ್ಕೆ ಸುಣ್ಣ

ಸುಣ್ಣದ ತಿಳಿನೀರಿನೊಳಕ್ಕೆ ಗಾಜಿನ ಕೊಳವೆಯನ್ನಿಳಿಸಿ ಊದುವ ಪ್ರಯೋಗವನ್ನು ನೋಡದೆ ಹೈಸ್ಕೂಲನ್ನು ದಾಟಿದವರು ನಮ್ಮಲ್ಲಿ ವಿರಳ. ನಾಲ್ಕಾರು ಉಸಿರು ಊದುವಷ್ಟರಲ್ಲಿ ತಿಳಿಯಾಗಿದ್ದ ನೀರು ಹಾಲು ಬೆರೆಸಿದಂತೆ ಬೆಳ್ಳಗಾಗುತ್ತದೆ. ನಾವು ಬಿಡುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಇರುತ್ತದೆಂದು ಮೇಷ್ಟರು ಹೇಳುತ್ತಾರೆ, ಹುಡುಗರು ಬರೆದುಕೊಳ್ಳುತ್ತಾರೆ, ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಹದಿನೆಂಟನೆಯ ಶತಮಾನದ ನಡುವಿನಲ್ಲಿ ತೋರಿಸಿಕೊಟ್ಟ ಈ ಸಂಗತಿ ಇಂದಿಗೂ ಪಾಠಶಾಲೆಗಳಲ್ಲಿ ಹಾಗೆಯೇ ನಡೆದು ಬಂದಿದೆ.

ಆದರೆ ಆ ಪ್ರಯೋಗಕ್ಕೆ ಉತ್ತರಾರ್ಧವೊಂದು ಉಂಟು. ನಿಲ್ಲಿಸದೆ ಅನಿಲವನ್ನು ಹಾಯಿಸುತ್ತಲೇ ಹೋದರೆ ಬೆಳ್ಳಗಾದ ನೀರು ಮರಳಿ ತಿಳಿಯಾಗುತ್ತದೆ. ಮೊದಲು ಹುಟ್ಟಿದ್ದು ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲಿನ ಪುಡಿಯೇ; ಮೇಲೆ ಬಂದ ಅನಿಲವು ನೀರಿನೊಡನೆ ಕೂಡಿ ಇಂಗಾಲಾಮ್ಲವಾಗಿ ಆ ಕಲ್ಲನ್ನು ಕರಗಿಸಿ ಬೈಕಾರ್ಬೊನೇಟ್ ಮಾಡಿಬಿಡುತ್ತದೆ. ಉಸಿರಿನಿಂದ ಇದನ್ನು ಸಾಧಿಸುವಷ್ಟು ತಾಳ್ಮೆ ಹುಡುಗರ ಶ್ವಾಸಕೋಶಕ್ಕಿಲ್ಲವಾದ್ದರಿಂದ ನಾನು ಕಿಪ್ಪನ ಉಪಕರಣದಲ್ಲಿ ಅಮೃತಶಿಲೆಯ ಚೂರುಗಳ ಮೇಲೆ ಆಮ್ಲ ಬಿಟ್ಟು, ಬಂದ ಅನಿಲವನ್ನು ಹಾಯಿಸಿ ತೋರಿಸುತ್ತಿದ್ದೆ. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಬೋಧಿಸಿದ ನನಗೆ ಈ ಸಮೀಕರಣ ಕರತಲಾಮಲಕವೆಂಬ ಹೆಮ್ಮೆ ಇತ್ತು. "ಸಾರ್, ಇದರಿಂದ ಏನು ಪ್ರಯೋಜನ?" ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದರೆ ಗಡಸು ನೀರನ್ನೂ ಸುಣ್ಣಕಲ್ಲಿನ ಗುಹೆಗಳನ್ನೂ ಹೆಸರಿಸಿ ಸುಮ್ಮನಾಗುತ್ತಿದ್ದೆ. ಅದೇ ಪ್ರಶ್ನೆಗೆ ಬೇರೊಂದು ಉತ್ತರವನ್ನು ನಿವೃತ್ತನಾದ ಮೇಲೆ, ರೈನ್ ನದಿಯ ದಡದ ಡ್ಯೂಸೆಲ್‌ಡಾರ್ಫ್ ನಗರದಲ್ಲಿ, ಮಗಳ ಮನೆಯ ನಡುಕೋಣೆಯಲ್ಲಿ ಕಂಡೆ.

ಮಗಳು ಅಲ್ಲಿ ಉದ್ಯೋಗದಲ್ಲಿದ್ದಾಳೆ. ಮನೆಯಲ್ಲಿ ಮೀನಿನ ತೊಟ್ಟಿ ಇಟ್ಟಿದ್ದೇನೆಂದು ಅವಳು ಬರೆದಾಗ, ನಮ್ಮ ಕಡೆ ದೊಡ್ಡ ಹೊಟೇಲುಗಳ ಬಾಗಿಲಲ್ಲಿರುವಂತೆ ಒಂದು ಗಾಜಿನ ಪೆಟ್ಟಿಗೆ, ಅದರೊಳಗೆ ನಾಲ್ಕು ಹೊಂಬಣ್ಣದ ಮೀನು, ಗುಳುಗುಳು ಗುಳ್ಳೆ ಎಂದು ನಾನು ಭಾವಿಸಿದ್ದೆ. ಹೋಗಿ ನೋಡಿದರೆ ನಾನೂರು ಲೀಟರಿನ ಸಮುದ್ರ. ಅದರಲ್ಲಿ ಮೀನು ಏಳೆಂಟು ಮಾತ್ರ, ಉಳಿದುದೆಲ್ಲ ಹವಳ. ಒಂದು ಜಿಂಕೆಯ ಕೊಂಬಿನಂತೆ ಕವಲೊಡೆದಿತ್ತು, ಒಂದು ಅಗಲವಾದ ತಟ್ಟೆಯಂತೆ ಪದರ ಪದರವಾಗಿ ಹಬ್ಬಿತ್ತು, ಮತ್ತೊಂದು ಬಂಡೆಗೆ ಹಚ್ಚಿದ ಬಣ್ಣದಂತೆ ತೆಳ್ಳಗೆ ಹರಡಿಕೊಂಡಿತ್ತು. ಹವಳವೆಂದರೆ ನಮಗೆ ಕಣ್ಣಿಗೆ ಕಟ್ಟುವುದು ನವರತ್ನದ ಕೆಂಪು ಮಣಿ, ಅಜ್ಜಿಯ ಕೊರಳಿನ ಸರ. ಅದು ಮೆಡಿಟರೇನಿಯನ್ ಸಮುದ್ರದ ಆಳದಲ್ಲಿ ಬೆಳೆಯುವ ಬೇರೊಂದು ಕುಲ. ದಿಬ್ಬ ಕಟ್ಟುವುದು ಅದರ ಕಸುಬಲ್ಲ. ದಿಬ್ಬ ಕಟ್ಟುವ ಹವಳಗಳು ಬಿಸಿ ಸಮುದ್ರದ ಆಳವಲ್ಲದ ನೀರಿನವು. ತಮ್ಮ ಮೈಯೊಳಗೆ ನೆಲೆಸಿರುವ ಸೂಕ್ಷ್ಮಪಾಚಿಗಳ ಅಡುಗೆಯನ್ನುಂಡು, ಹಗಲಿನ ಬೆಳಕಿನಲ್ಲಿ ಕಲ್ಲನ್ನು ಕಟ್ಟುವಂಥವು.

ಓದುವವರಲ್ಲಿ ಯಾರಾದರೂ ಇದನ್ನು ತಮ್ಮ ಮನೆಯಲ್ಲಿ ಮಾಡಿ ನೋಡುವ ಯೋಚನೆಗಿಳಿಯುವ ಮುನ್ನ ಒಂದು ಮಾತು ಹೇಳಿಬಿಡಬೇಕು. ನಮ್ಮ ದೇಶದ ಕಡಲಿನಲ್ಲಿ ದಿಬ್ಬ ಕಟ್ಟುವ ಹವಳಗಳು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ೨೦೦೧ರಲ್ಲಿ ಸೇರಿದವು. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ನೀರಿಗಿಳಿದವರು ಹವಳವನ್ನು ಕಣ್ಣಿಂದ ನೋಡಿ ಬರಬಹುದೇ ಹೊರತು ಒಂದು ಚೂರನ್ನೂ ಮುರಿದು ತರುವಂತಿಲ್ಲ. ಮಗಳ ತೊಟ್ಟಿಯಲ್ಲಿದ್ದವು ಕಡಲಿನಿಂದ ಕಿತ್ತವಲ್ಲ. ಆ ಊರಿನ ಹವ್ಯಾಸಿಗಳು ನಮ್ಮಲ್ಲಿ ದಾಸವಾಳದ ಕಡ್ಡಿಯನ್ನು ಹಂಚಿಕೊಳ್ಳುವಂತೆ ತಮ್ಮ ತೊಟ್ಟಿಗಳಲ್ಲಿ ಬೆಳೆದುದರ ಕವಲನ್ನು ಕತ್ತರಿಸಿ ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಾರೆ.

ಹವಳ ಕಲ್ಲು ಕಟ್ಟುವುದೆಂದರೆ ನನ್ನ ಪ್ರಯೋಗದ ಉತ್ತರಾರ್ಧವನ್ನು ತಿರುವುಮುರುವು ಮಾಡುವುದು. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಮನ್ನೂ ಬೈಕಾರ್ಬೊನೇಟನ್ನೂ ಸೆಳೆದುಕೊಂಡು ಅದು ಆರಗೊನೈಟ್ ಎಂಬ ಜಾತಿಯ ಸುಣ್ಣಕಲ್ಲನ್ನು ತನ್ನ ಅಡಿಯಲ್ಲಿ ಇರಿಸಿಕೊಳ್ಳುತ್ತದೆ. ಕಡಲಿನಲ್ಲಿ ಇದಕ್ಕೆ ಕೊರತೆಯಿಲ್ಲ. ಲೀಟರೊಂದಕ್ಕೆ ಸುಮಾರು ೪೨೦ ಮಿಲಿಗ್ರಾಂ ಕ್ಯಾಲ್ಸಿಯಂ ಅಲ್ಲಿ ಸದಾ ಉಂಟು. ನಾನೂರು ಲೀಟರಿನ ಕಡಲಿನಲ್ಲಾದರೋ ದಿನದಿನಕ್ಕೂ ಲೆಕ್ಕ. ಕ್ಯಾಲ್ಸಿಯಮಿಗಿಂತ ಮೊದಲು ಬತ್ತುವುದು ಕ್ಷಾರತೆ. ಅದನ್ನು ಜರ್ಮನರು ಡಿಗ್ರಿಗಳಲ್ಲಿ ಅಳೆಯುತ್ತಾರೆ. ಲೀಟರಿಗೆ ಹತ್ತು ಮಿಲಿಗ್ರಾಂ ಸುಟ್ಟ ಸುಣ್ಣಕ್ಕೆ ಸರಿಯಾದುದು ಅವರ ಒಂದು ಡಿಗ್ರಿ. ಕಡಲಿನ ನೀರಿನಲ್ಲಿ ಅದು ಏಳರ ಆಸುಪಾಸು. ಮಗಳ ಹವಳಗಳು ದಿನಕ್ಕೆ ೧.೪ ಡಿಗ್ರಿಯನ್ನು ಕಬಳಿಸುತ್ತಿದ್ದವು. ಅದೇ ಅವಧಿಯಲ್ಲಿ ಕ್ಯಾಲ್ಸಿಯಂ ಲೀಟರಿಗೆ ೧೦ ಮಿಲಿಗ್ರಾಂ ಮಾತ್ರ ಇಳಿಯುತ್ತಿತ್ತು. ಕಾಗದದ ಮೇಲೆ ಗುಣಿಸಿ ನೋಡಿದೆ: ಮನೆಯ ನಡುಕೋಣೆಯಲ್ಲಿ ದಿನವೊಂದಕ್ಕೆ ಹತ್ತು ಗ್ರಾಂ ಕಲ್ಲು ಹುಟ್ಟುತ್ತಿತ್ತು.

ಅವಳು ಅದುವರೆಗೆ ಆ ಕೊರತೆಯನ್ನು ತುಂಬುತ್ತಿದ್ದುದು ಸುಣ್ಣದ ತಿಳಿನೀರಿನಿಂದ. ತೊಟ್ಟಿಯಿಂದ ದಿನವೂ ಮೂರು ಲೀಟರಿನಷ್ಟು ಆವಿಯಾಗಿ ಹೋಗುವ ನೀರಿಗೆ ಬದಲಾಗಿ ರಾತ್ರಿಯೆಲ್ಲ ಹನಿ ಹನಿಯಾಗಿ ಸುಣ್ಣದ ತಿಳಿಯನ್ನು ಬಿಡುವುದು. ಪೀಟರ್ ವಿಲ್ಕೆನ್ಸ್ ಎಂಬವರು ೧೯೭೦ರ ದಶಕದಲ್ಲಿ ಆ ದೇಶಗಳಲ್ಲಿ ಪ್ರಚಾರಕ್ಕೆ ತಂದ ಕ್ರಮವಿದು. ಜರ್ಮನ್ ಭಾಷೆಯಲ್ಲಿ ಅದರ ಹೆಸರು 'ಕಾಲ್ಕ್‌ವಾಸರ್' ಎಂದು ತಿಳಿದಾಗ ನನಗೆ ನಗು ಬಂದಿತು. ಅಕ್ಷರಶಃ ಸುಣ್ಣದ ನೀರೇ. ಕರಾವಳಿಯಲ್ಲಿ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣವನ್ನು ಎಲೆಗೆ ಸವರಿ ಮೆಲ್ಲುತ್ತ ಬೆಳೆದ ನಾನು ಏಳು ಸಮುದ್ರದಾಚೆಗೆ ಬಂದು ಸುಣ್ಣವನ್ನು ಹವಳಕ್ಕೆ ಉಣಿಸುವುದನ್ನು ನೋಡಬೇಕಾಯಿತು! ಆದರೆ ಈ ಕ್ರಮಕ್ಕೊಂದು ಮಿತಿ ಇದೆ. ಸುಣ್ಣ ನೀರಿನಲ್ಲಿ ಕರಗುವುದು ಲೀಟರಿಗೆ ಎರಡು ಗ್ರಾಮಿಗೂ ಕಡಿಮೆ. ಆವಿಯಾದಷ್ಟು ನೀರನ್ನೇ ಹಾಕಬೇಕಾದ್ದರಿಂದ ಅದಕ್ಕಿಂತ ಹೆಚ್ಚು ಸುಣ್ಣವನ್ನು ಕೊಡುವಂತಿಲ್ಲ. ಹವಳಗಳು ಚಿಕ್ಕವಾಗಿದ್ದಾಗ ಸಾಕಾಗುತ್ತಿದ್ದುದು ಅವು ಬೆಳೆದ ಮೇಲೆ ಸಾಲದೆ ಹೋಯಿತು. ನಾನು ಹೋದ ಹೊತ್ತಿಗೆ ಕ್ಷಾರತೆ ೬.೨ಕ್ಕೆ ಇಳಿದಿತ್ತು.

ಆದ್ದರಿಂದ ಅವಳು ಹವ್ಯಾಸಿಯೊಬ್ಬರಿಂದ ಹಳೆಯದೊಂದು ಕ್ಯಾಲ್ಸಿಯಂ ರಿಯಾಕ್ಟರನ್ನು ಕೊಂಡಿದ್ದಳು. ಹೆಸರು ಕೇಳಿ ನಾನು ಅಣುಸ್ಥಾವರದಂಥ ಏನನ್ನೋ ಕಲ್ಪಿಸಿಕೊಂಡೆ. ಪೆಟ್ಟಿಗೆಯಿಂದ ಹೊರಬಂದುದು ಮೊಳಕಾಲೆತ್ತರದ ಒಂದು ಪಾರದರ್ಶಕ ಸಿಲಿಂಡರು, ಅದರ ಬುಡಕ್ಕೊಂದು ಪಂಪು, ಎರಡು ಸಣ್ಣ ಕೊಳವೆ. ಸಿಲಿಂಡರಿನ ತುಂಬ ಸತ್ತ ಹವಳದ ಬಿಳಿಯ ಚೂರುಗಳನ್ನು ತುಂಬುವುದು. ತೊಟ್ಟಿಯ ನೀರನ್ನು ಅದರೊಳಗೆ ಸುತ್ತಿಸುತ್ತಿರುವುದು. ಕಬ್ಬಿಣದ ಉರುಳೆಯಿಂದ ಇಂಗಾಲದ ಡೈಆಕ್ಸೈಡನ್ನು ಗುಳ್ಳೆಗುಳ್ಳೆಯಾಗಿ ಅದಕ್ಕೆ ಬಿಡುವುದು. ನೀರು ಆಮ್ಲವಾಗಿ ಚೂರುಗಳನ್ನು ಕರಗಿಸುತ್ತದೆ. ಕರಗಿದ ಸಾರವು ಮತ್ತೊಂದು ಕೊಳವೆಯಿಂದ ತೊಟ್ಟಿಗೆ ತೊಟ್ಟಿಕ್ಕುತ್ತದೆ. ಇಷ್ಟೇ. ನನ್ನ ಮೇಜಿನ ಮೇಲೆ ಮೂವತ್ತೊಂದು ವರ್ಷ ನಿಂತಿದ್ದ ಪ್ರಯೋಗದ ಉತ್ತರಾರ್ಧಕ್ಕೆ ಪಂಪು ಜೋಡಿಸಿದ್ದರು! ಇದರಲ್ಲಿ ನನಗೆ ಹೆಚ್ಚು ಮೆಚ್ಚಿಗೆಯಾದುದೇನೆಂದರೆ, ಹವಳದ ಕಲ್ಲು ಯಾವ ಪ್ರಮಾಣದಲ್ಲಿ ಕ್ಯಾಲ್ಸಿಯಮನ್ನೂ ಕ್ಷಾರತೆಯನ್ನೂ ಒಳಗೊಂಡಿತ್ತೋ ಅದೇ ಪ್ರಮಾಣದಲ್ಲಿ ಅವೆರಡೂ ನೀರಿಗೆ ಹಿಂದಿರುಗುತ್ತವೆ. ಒಂದು ಹೆಚ್ಚಾಗಿ ಒಂದು ಕಡಿಮೆಯಾಗುವ ತಾಪತ್ರಯವಿಲ್ಲ.

ಈ ಉಪಾಯವನ್ನು ಮೊದಲು ಬಳಕೆಗೆ ತಂದ ಶ್ರೇಯಸ್ಸನ್ನು ಹವ್ಯಾಸಿಗಳು ಅದೇ ಊರಿನ ಮತ್ಸ್ಯಾಲಯದ ರೋಲ್ಫ್ ಹೆಬ್ಬಿಂಗ್‌ಹೌಸ್ ಅವರಿಗೆ ಸಲ್ಲಿಸುತ್ತಾರೆ. ಮಗಳು ನನ್ನನ್ನು ಆ ಮತ್ಸ್ಯಾಲಯಕ್ಕೆ ಕರೆದೊಯ್ದಿದ್ದಳು. ಥಿಯೊಡೋರ್ ಲೊಬ್ಬೆಕೆ ಎಂಬ ಔಷಧ ವ್ಯಾಪಾರಿ ಆಯುಷ್ಯವಿಡೀ ಕೂಡಿಹಾಕಿದ ಚಿಪ್ಪುಗಳ ಸಂಗ್ರಹದಿಂದ ಬೆಳೆದ ಸಂಸ್ಥೆಯದು. ಈಗಿನ ಕಟ್ಟಡ ೧೯೮೭ರಲ್ಲಿ ತೆರೆದುದು. ಚಿಪ್ಪುಗಳ ಸಾಲಿನ ಮುಂದೆ ನಿಂತಾಗ, ಇವೂ ಸುಣ್ಣವೇ, ಅವೂ ಸುಣ್ಣವೇ ಎಂದು ನಾನು ಪಾಠಕ್ಕೆ ತೊಡಗಿದೆ. ಮಗಳು "ಗೊತ್ತು ಅಪ್ಪ" ಎಂದಳು. ಆ ಮಾತು ಅಂದು ನನ್ನ ಮನಸ್ಸಿಗೆ ತಾಗಲಿಲ್ಲ.

ರಿಯಾಕ್ಟರನ್ನು ಹೂಡಿದ್ದು ಒಂದು ಶನಿವಾರ. ಹವಳದ ಚೂರುಗಳನ್ನು ಬಕೀಟಿನಲ್ಲಿ ಅಕ್ಕಿ ತೊಳೆದಂತೆ ಏಳೆಂಟು ಸಲ ತೊಳೆದರೂ ಬಿಳಿಯ ಗಸಿ ಬರುತ್ತಲೇ ಇತ್ತು. ಮುಚ್ಚಳದ ರಬ್ಬರು ಉಂಗುರಕ್ಕೆ ಕೂದಲೊಂದು ಸಿಕ್ಕಿ ನೀರು ಸೋರಿತು. ಬಿಚ್ಚಿ ಒರೆಸಿ ಮತ್ತೆ ಬಿಗಿದೆವು. ಅನಿಲದ ಉರುಳೆಗೆ ರೆಗ್ಯುಲೇಟರು, ಅದಕ್ಕೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಕವಾಟ, ಅಲ್ಲಿಂದ ಗುಳ್ಳೆಯೆಣಿಸುವ ಪುಟ್ಟ ಗಾಜಿನ ನಳಿಕೆ, ನೀರು ಹಿಂದಕ್ಕೆ ನುಗ್ಗದಂತೆ ತಡೆಯುವ ಬಿರಟೆ. ಕೀಲುಗಳಿಗೆಲ್ಲ ಸಾಬೂನಿನ ನೊರೆ ಹಚ್ಚಿ ಸೋರಿಕೆಯನ್ನು ಪರೀಕ್ಷಿಸಿದಾಗ ಒಂದು ಕೀಲಿನಲ್ಲಿ ಗುಳ್ಳೆಯೆದ್ದಿತು. ಮುಚ್ಚಿದ ಕೋಣೆಯಲ್ಲಿ ಈ ಅನಿಲವನ್ನು ಸೋರಗೊಡುವುದು ಹುಡುಗಾಟವಲ್ಲ. ಪಿ.ಎಚ್. ಅಳೆಯುವ ಸಲಾಕೆಯನ್ನು ಏಳರ ದ್ರಾವಣದಲ್ಲೂ ನಾಲ್ಕರ ದ್ರಾವಣದಲ್ಲೂ ಅದ್ದಿ ಸರಿಪಡಿಸುವ ಕೆಲಸವನ್ನು ಮಗಳು ನನಗೆ ಬಿಟ್ಟುಕೊಟ್ಟಳು. ಬಹುದಿನಗಳ ಮೇಲೆ ಕೈಗೆ ಬೀಕರು ಬಂದಿತ್ತು.

ಸಿಲಿಂಡರಿನೊಳಗಿನ ನೀರಿನ ಪಿ.ಎಚ್. ಆರೂವರೆಯ ಹತ್ತಿರ ನಿಂತರೆ ಕಲ್ಲು ಹದವಾಗಿ ಕರಗುತ್ತದೆ. ಏಳಕ್ಕೇರಿದರೆ ಕರಗುವುದೇ ಕಷ್ಟ; ಆರರತ್ತ ಇಳಿದರೆ ಚೂರುಗಳು ಅಂಬಲಿಯಂತಾಗಿ ಕಟ್ಟಿಕೊಳ್ಳುತ್ತವೆ. ಹೊರಬರುವ ನೀರಿನ ಕ್ಷಾರತೆ ೨೮ ಡಿಗ್ರಿ ಇರುವಂತೆ ಗುಳ್ಳೆಯನ್ನು ಹೊಂದಿಸಿಕೊಂಡು ಲೆಕ್ಕ ಹಾಕಿದೆವು. ದಿನಕ್ಕೆ ಇಪ್ಪತ್ತೇಳು ಲೀಟರು, ಅಂದರೆ ನಿಮಿಷಕ್ಕೆ ೧೯ ಮಿಲಿಲೀಟರು ಹರಿದರೆ ಹವಳಗಳು ತಿನ್ನುವುದಕ್ಕೂ ನಾವು ಕೊಡುವುದಕ್ಕೂ ಸರಿಹೋಗುತ್ತದೆ. ಕೈಗಡಿಯಾರವನ್ನು ನೋಡುತ್ತ ಅಳತೆಯ ಜಾಡಿಯಲ್ಲಿ ಹಿಡಿದು ಕೀಲನ್ನು ತಿರುಗಿಸಿ ತಿರುಗಿಸಿ ಹತ್ತೊಂಬತ್ತಕ್ಕೆ ತಂದು ನಿಲ್ಲಿಸಿದಾಗ ನನಗಾದ ಸಂತೋಷವನ್ನು ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದವರೇ ಬಲ್ಲರು.

ಸೋಮವಾರ ಮಗಳು ಕಚೇರಿಯ ಕೆಲಸದ ಮೇಲೆ ನಾಲ್ಕು ದಿನ ಬೇರೆ ಊರಿಗೆ ಹೊರಟಳು. ಹೋಗುವಾಗ, "ಅಪ್ಪ, ೬.೨ರಿಂದ ಎಂಟಕ್ಕೆ ಏರಿಸಬೇಕು. ಆದರೆ ದಿನಕ್ಕೆ ಅರ್ಧ ಡಿಗ್ರಿಗಿಂತ ಹೆಚ್ಚಾಗುವುದು ಬೇಡ. ನಾನು ಬರುವವರೆಗೆ ಹಾಗೆಯೇ ಬಿಟ್ಟರೂ ಚಿಂತೆಯಿಲ್ಲ" ಎಂದಳು. ಆಗಲಿ ಎಂದೆ.

ಆಮೇಲೆ ನಾನು ಯೋಚಿಸಿದ್ದು ಹೀಗೆ: ಕ್ಷಾರತೆ ಕಡಿಮೆಯಾಗಿದೆ, ಹವಳ ಹಸಿದಿದೆ, ಹಸಿದವರಿಗೆ ಅರ್ಧ ಹೊಟ್ಟೆ ಊಟವೆಂದರೆ ಏನರ್ಥ? ನಿಮಿಷಕ್ಕೆ ಹತ್ತೊಂಬತ್ತಿದ್ದುದನ್ನು ನಲವತ್ತೈದಕ್ಕೆ ಏರಿಸಿದೆ. ಅದಕ್ಕೆ ತಕ್ಕಂತೆ ಗುಳ್ಳೆಗಳನ್ನೂ ಹೆಚ್ಚಿಸಿದೆ. ದಿನವೂ ಬೆಳಿಗ್ಗೆ ಸಿರಿಂಜಿನಿಂದ ಆಮ್ಲವನ್ನು ಹನಿಸಿ ಬಣ್ಣ ತಿರುಗುವುದನ್ನು ನೋಡಿ ಅಂಕಿಗಳನ್ನು ಬರೆದಿಟ್ಟೆ. ಮಂಗಳವಾರ ೭.೯, ಬುಧವಾರ ೯.೬, ಗುರುವಾರ ೧೧.೩. ಒಳ್ಳೆಯ ವಿದ್ಯಾರ್ಥಿಯ ಅಂಕಪಟ್ಟಿಯಂತೆ ಕಾಣುತ್ತಿದ್ದ ಆ ಸಾಲನ್ನು ನೋಡಿ ನಾನು ಹಿಗ್ಗಿದೆ. ಬೆಳಗಿನ ಹೊತ್ತು ತೊಟ್ಟಿಯ ಪಿ.ಎಚ್. ೭.೭ಕ್ಕೆ ಇಳಿದುದನ್ನೂ ಬರೆದಿದ್ದೇನೆ. ಅದರ ಪಕ್ಕದಲ್ಲಿ ಏನೂ ಟಿಪ್ಪಣಿಯಿಲ್ಲ.

ಗುರುವಾರ ಸಂಜೆ ಕೊಂಬಿನಂಥ ಹವಳದ ತುದಿಗಳು ಬೆಳ್ಳಗಾಗಿದ್ದವು. ಹೊಸ ಬೆಳವಣಿಗೆಯ ತುದಿ ಬಿಳಿಯಾಗಿಯೇ ಇರುತ್ತದೆಂದು ಮಗಳು ಹೇಳಿದ್ದ ನೆನಪು ಬಂದು ಇನ್ನಷ್ಟು ಸಂತೋಷಪಟ್ಟೆ. ಶುಕ್ರವಾರ ಬೆಳಿಗ್ಗೆ ದೀಪ ಹತ್ತಿದಾಗ ಬುಡದಿಂದ ಮೇಲಕ್ಕೆ ಒಂದು ಗೇಣಿನಷ್ಟು ಮೈ ಸುಲಿದು, ನೆನೆದ ಕಾಗದದ ಚೂರಿನಂತೆ ನೀರಿನಲ್ಲಿ ತೇಲುತ್ತಿತ್ತು. ಕೆಳಗೆ ಕಾಣುತ್ತಿದ್ದುದು ಅಚ್ಚ ಬಿಳಿಯ ಕಲ್ಲು.

ಅದು ಆಕ್ರೊಪೊರಾ ಜಾತಿಯದು. ಏಳು ವರ್ಷದ ಹಿಂದೆ, ಆ ಊರಿಗೆ ಹೋದ ಹೊಸತರಲ್ಲಿ, ಭಾಷೆ ಬಾರದೆ ಯಾರ ಪರಿಚಯವೂ ಇಲ್ಲದೆ ಮಗಳು ಒಂಟಿಯಾಗಿದ್ದಾಗ, ವೃದ್ಧ ಹವ್ಯಾಸಿಯೊಬ್ಬರು ಹೆಬ್ಬೆರಳುದ್ದದ ತುಂಡನ್ನು ಅವಳಿಗೆ ಕೊಟ್ಟಿದ್ದರಂತೆ. ಅವರು ಈಗಿಲ್ಲ. ಅವರ ತೊಟ್ಟಿಯೂ ಇಲ್ಲ. ಈ ವಿಷಯ ನನಗೆ ತಿಳಿದುದು ಶುಕ್ರವಾರ ರಾತ್ರಿ, ಅವಳು ಬಂದು ತೊಟ್ಟಿಯ ಮುಂದೆ ಬಹಳ ಹೊತ್ತು ಕುಳಿತಿದ್ದು ಎದ್ದ ಮೇಲೆ.

ಅವಳು ನನ್ನನ್ನು ಬೈಯಲಿಲ್ಲ. ನನ್ನ ಅಂಕಿಗಳ ಪುಸ್ತಕವನ್ನು ತರಿಸಿ ನೋಡಿದಳು. "ಸಮೀಕರಣ ಸರಿಯಾಗಿಯೇ ಇದೆ ಅಪ್ಪ. ಅದರಲ್ಲಿ ಹೊತ್ತು ಎಲ್ಲಿದೆ?" ಎಂದಳು. ಎರಡನೆಯ ವರ್ಷದ ತರಗತಿಗೆ ಕ್ರಿಯಾವೇಗವೆಂಬ ಅಧ್ಯಾಯವನ್ನು ಒಂದು ತಿಂಗಳು ಪಾಠ ಮಾಡುತ್ತಿದ್ದವನಿಗೆ ಉತ್ತರ ಹೊಳೆಯಲಿಲ್ಲ. ನೀರಿನಲ್ಲಿ ಆಹಾರದ ಅಂಶ ಕಡಿಮೆಯಿರುವ ತೊಟ್ಟಿಗಳಲ್ಲಿ ಕ್ಷಾರತೆ ಹಠಾತ್ತಾಗಿ ಏರಿದರೆ ಹವಳದ ತುದಿಗಳು ಸುಟ್ಟಂತಾಗುವುದು ಆ ಹವ್ಯಾಸಿಗಳಿಗೆ ಚೆನ್ನಾಗಿ ತಿಳಿದ ಸಂಗತಿ. ನಾನು ಆಮ್ಲವನ್ನು ಹಾಕಿ ಕ್ಷಾರತೆಯನ್ನು ಕೂಡಲೇ ಇಳಿಸೋಣವೆಂದೆ; ಅವಳು ತಲೆಯಾಡಿಸಿ, "ಮತ್ತೆ ಅವಸರ. ರಿಯಾಕ್ಟರನ್ನು ನಿಲ್ಲಿಸೋಣ, ಉಳಿದ ಹವಳಗಳೇ ತಿಂದು ಇಳಿಸುತ್ತವೆ" ಎಂದಳು. ಹಾಗೆಯೇ ಆಯಿತು.

ಅಂದು ರಾತ್ರಿ ಅವಳು ಮತ್ತೊಂದು ಕೆಲಸ ಮಾಡಿದಳು; ಎಲ್ಲ ಕಿಟಕಿಗಳನ್ನೂ ತೆರೆದಳು. ಹೊರಗೆ ಜನವರಿಯ ಚಳಿ. ಚಳಿಗಾಲದುದ್ದಕ್ಕೂ ಕಿಟಕಿ ಮುಚ್ಚಿದ ಮನೆಯಲ್ಲಿ ನಮ್ಮ ಉಸಿರಿನ ಅನಿಲ ಕೋಣೆಯಲ್ಲೇ ನಿಂತು ತೊಟ್ಟಿಯ ನೀರಿಗೂ ಸೇರುತ್ತದೆಂದೂ, ನಾನು ಬಂದಂದಿನಿಂದ ಅವಳ ತೊಟ್ಟಿಯ ಪಿ.ಎಚ್. ತುಸು ಇಳಿದೇ ಇತ್ತೆಂದೂ ಆಗ ತಿಳಿಯಿತು. ಕೊಳವೆಯ ಹಂಗಿಲ್ಲದೆಯೇ ನಾನು ಆ ನೀರಿಗೆ ಊದುತ್ತಿದ್ದೆ. ಅದರ ಮೇಲೆ ರಿಯಾಕ್ಟರಿನಿಂದ ಬರುವ ನೀರು ಕಲ್ಲನ್ನು ಕರಗಿಸಿ ಮಿಕ್ಕ ಅನಿಲವನ್ನೂ ಹೊತ್ತು ತರುತ್ತದೆ. ಅದನ್ನು ಕಳೆಯಲು ಹವಳದ ಚೂರು ತುಂಬಿದ ಎರಡನೆಯ ಸಿಲಿಂಡರನ್ನು ಜೋಡಿಸುವುದುಂಟು. ನಮ್ಮಲ್ಲಿ ಅದು ಇರಲಿಲ್ಲ.

ಕಂಬಳಿ ಹೊದ್ದು ಕುಳಿತು ನಾನು ದೊಡ್ಡ ಸಮುದ್ರವನ್ನು ನೆನೆದೆ. ಕೈಗಾರಿಕೆಗಳ ಕಾಲ ಮೊದಲಾದಂದಿನಿಂದ ಮನುಷ್ಯರು ಕಲ್ಲಿದ್ದಲನ್ನೂ ಎಣ್ಣೆಯನ್ನೂ ಸುಟ್ಟು ಗಾಳಿಗೆ ಬಿಟ್ಟ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲುಭಾಗವನ್ನು ಸಮುದ್ರವೇ ಹೀರಿಕೊಂಡಿದೆ. ಮೇಲ್ಮೈ ನೀರಿನ ಸರಾಸರಿ ಪಿ.ಎಚ್. ಸುಮಾರು ೮.೨ ಇದ್ದುದು ೮.೧ರ ಹತ್ತಿರಕ್ಕೆ ಬಂದಿದೆ. ದಶಾಂಶವೊಂದರ ವ್ಯತ್ಯಾಸವೆಂದು ತೋರಬಹುದು; ಆದರೆ ಈ ಮಾನವು ಹತ್ತರ ಘಾತದಲ್ಲಿ ಏರಿಳಿಯುವುದರಿಂದ ಆಮ್ಲದ ಅಂಶ ಕಾಲುಭಾಗಕ್ಕಿಂತ ಹೆಚ್ಚಾಗಿ ಏರಿದಂತಾಯಿತು. ಕಲ್ಲು ಕಟ್ಟಲು ಬೇಕಾದ ಕಾರ್ಬೊನೇಟನ್ನು ಈ ಆಮ್ಲ ತಾನೇ ನುಂಗಿಕೊಳ್ಳುತ್ತದೆ. ಸಮುದ್ರದ ತಳದಲ್ಲಿರುವ ಅಪಾರವಾದ ಸುಣ್ಣದ ಹೂಳು ಕರಗಿ ಇದನ್ನು ಸರಿತೂಗಿಸಬಲ್ಲುದು, ನಮ್ಮ ಸಿಲಿಂಡರಿನೊಳಗಿನ ಚೂರುಗಳಂತೆಯೇ. ಆದರೆ ಅದಕ್ಕೆ ಬೇಕಾಗುವುದು ಸಾವಿರಾರು ವರ್ಷ, ನಾವು ಅನಿಲವನ್ನು ಬಿಟ್ಟುದು ಇನ್ನೂರು ಚಿಲ್ಲರೆ ವರ್ಷಗಳಲ್ಲಿ. ನಿಮಿಷಕ್ಕೆ ಹತ್ತೊಂಬತ್ತಿದ್ದುದನ್ನು ನಲವತ್ತೈದು ಮಾಡಿದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಶನಿವಾರ ಬೆಳಿಗ್ಗೆ ಮಗಳು ಮೂಳೆ ಕತ್ತರಿಸುವ ಇಕ್ಕುಳವನ್ನು ತಂದು ಇನ್ನೂ ಬಣ್ಣವುಳಿದಿದ್ದ ಕವಲುಗಳನ್ನು ಒಂದೊಂದಾಗಿ ಕತ್ತರಿಸಿದಳು. ಸುಲಿದ ಭಾಗಕ್ಕಿಂತ ಒಂದು ಅಂಗುಲ ಮೇಲಕ್ಕೆ ಕತ್ತರಿಸಬೇಕು. ಇಲ್ಲವಾದರೆ ರೋಗವೂ ಜೊತೆಗೆ ಬರುತ್ತದೆ. ಒಂಬತ್ತು ತುಂಡು ಸಿಕ್ಕಿದವು. ಪಿಂಗಾಣಿಯ ಬಿಲ್ಲೆಗಳ ಮೇಲೆ ಅಂಟು ಹಚ್ಚಿ ಅವಳು ಕೂರಿಸಿದಳು. ನಾನು ಬಿಲ್ಲೆಗಳನ್ನು ಹಿಡಿದುಕೊಂಡಿದ್ದೆ. ವಾರದೊಳಗೆ ನಾಲ್ಕು ಸತ್ತವು. ಉಳಿದ ಐದು ನಿಂತವು.

ತೊಟ್ಟಿಯಲ್ಲಿ ನಿಂತಿದ್ದ ಬಿಳಿಯ ಗೂಡನ್ನು ಏನು ಮಾಡುವುದೆಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಕಪಾಟಿನಲ್ಲಿಟ್ಟುಕೊಳ್ಳುತ್ತಾಳೆಂದು ಭಾವಿಸಿದ್ದೆ. ಹತ್ತು ದಿನ ಬಿಟ್ಟು ಅವಳೇ ಅದನ್ನು ತೆಗೆದು, ಚಲುವೆ ಪುಡಿಯ ನೀರಿನಲ್ಲಿ ನೆನೆಹಾಕಿ, ತೊಳೆದು, ಒಲೆಯ ಪಕ್ಕದಲ್ಲಿ ಒಣಗಿಸಿ, ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟಳು. ಅಡಿಕೆಯಷ್ಟು ದಪ್ಪದ ಚೂರು ಸಾಕೆಂದಳು. ತೂಗಿ ನೋಡಿದಾಗ ಆರುನೂರ ನಲವತ್ತು ಗ್ರಾಂ ಇತ್ತು. ರಿಯಾಕ್ಟರಿನ ಮುಚ್ಚಳವನ್ನು ತೆಗೆದು, ಕರಗಿ ತಗ್ಗಿದ್ದ ಹಳೆಯ ಚೂರುಗಳ ಮೇಲೆ ಅದನ್ನು ಸುರಿದು, ರಬ್ಬರು ಉಂಗುರವನ್ನು ಒರೆಸಿ ಮತ್ತೆ ಬಿಗಿದೆವು. ನಿಮಿಷಕ್ಕೆ ಹತ್ತು ಮಿಲಿಲೀಟರು, ಅದೂ ಮೊದಲ ವಾರ ಮಾತ್ರ, ಎಂದು ಅವಳು ಹೇಳಿದ್ದನ್ನು ಪುಸ್ತಕದಲ್ಲಿ ಬರೆದುಕೊಂಡೆ.

ನಾನು ಊರಿಗೆ ಹೊರಡುವ ಹಿಂದಿನ ದಿನ ಅಳೆದಾಗ ಕ್ಷಾರತೆ ೭.೮ ಇತ್ತು. ಐದು ತುಂಡುಗಳ ಪೈಕಿ ಒಂದರ ಬುಡದಲ್ಲಿ, ಬಿಲ್ಲೆಯ ಅಂಟಿನ ಮೇಲೆ, ಉಗುರಿನ ಅಂಚಿನಷ್ಟು ಅಗಲಕ್ಕೆ ನೀಲಿಯ ಪೊರೆ ಹಬ್ಬಿತ್ತು. ಮಗಳು ಭೂತಗನ್ನಡಿಯನ್ನು ಕೊಟ್ಟು ತೋರಿಸಿದಳು.